ಇಂಗಾಲದ ನ್ಯಾನೊ ನಳಿಕೆಗಳಿಗೆ ಔಷಧ ಏರಿಸುವ ಕ್ರಮ: ಪ್ರಯೋಗಾಲಯಕ್ಕೊಂದು ಕೈಪಿಡಿ

ಇಂಗಾಲದ ನ್ಯಾನೊ ನಳಿಕೆಗಳ ಮೇಲೆ ಡಾಕ್ಸೊರುಬಿಸಿನ್ ಎಂಬ ಕ್ಯಾನ್ಸರ್ ಔಷಧವನ್ನು ಏರಿಸುವುದು ಹೇಗೆ, ಏರಿದ್ದು ಎಷ್ಟೆಂದು ಅಳೆಯುವುದು ಹೇಗೆ, ಏರಿದ ಔಷಧ ಯಾವ ಪರಿಸ್ಥಿತಿಯಲ್ಲಿ ಎಷ್ಟು ಬೇಗ ಕಳಚಿಕೊಳ್ಳುತ್ತದೆ ಎಂದು ಪರೀಕ್ಷಿಸುವುದು ಹೇಗೆ ಎಂಬುದನ್ನು ಈ ಕೈಪಿಡಿ ವಿವರಿಸುತ್ತದೆ. ಔಷಧ ವಿಜ್ಞಾನ, ರಸಾಯನ ವಿಜ್ಞಾನ ಮತ್ತು ಜೈವಿಕ ತಂತ್ರಜ್ಞಾನದ ಸ್ನಾತಕೋತ್ತರ ವಿದ್ಯಾರ್ಥಿಗಳನ್ನೂ ಹೊಸದಾಗಿ ಸಂಶೋಧನೆಗೆ ಇಳಿದವರನ್ನೂ ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯಲಾಗಿದೆ. ಇಂಗಾಲದ ನಳಿಕೆಯನ್ನು ವಾಹಕವಾಗಿ ಬಳಸಿದ ಯಾವ ಔಷಧಕ್ಕೂ ರೋಗಿಗಳ ಚಿಕಿತ್ಸೆಗಾಗಿ ಇದುವರೆಗೆ ಅನುಮೋದನೆ ದೊರೆತಿಲ್ಲ ಎಂಬುದನ್ನು ಆರಂಭದಲ್ಲಿಯೇ ಹೇಳಿಬಿಡಬೇಕು. ಆದ್ದರಿಂದ ಇಲ್ಲಿನ ಪ್ರತಿಯೊಂದು ಹಂತವೂ ಪ್ರಯೋಗಾಲಯದ ಮೇಜಿಗೆ ಮಾತ್ರ ಸೀಮಿತವಾದದ್ದು.

ನಳಿಕೆಗೆ ಔಷಧ ಅಂಟಿಸುವುದು ಈ ಇಡೀ ಕೆಲಸದಲ್ಲಿ ಅತ್ಯಂತ ಸುಲಭವಾದ ಭಾಗ. ರಾತ್ರಿ ಕಲಸಿಟ್ಟರೆ ಬೆಳಿಗ್ಗೆ ಅಂಟಿರುತ್ತದೆ. ಅಂಟದೆ ಉಳಿದದ್ದನ್ನು ಪೂರ್ತಿ ತೊಳೆದು ತೆಗೆಯುವುದು ಮತ್ತು ಅಂಟಿದೆ ಎಂದು ನಾವು ಹೇಳುವುದು ನಿಜವಾಗಿಯೂ ನಳಿಕೆಯ ಗೋಡೆಗೇ ಅಂಟಿದೆ ಎಂದು ತೋರಿಸುವುದು ಕಷ್ಟದ ಭಾಗ. ಈ ಕ್ಷೇತ್ರದಲ್ಲಿ ಪ್ರಕಟವಾದ ಅನೇಕ ಆಕರ್ಷಕ ಅಂಕಿಗಳು ಎಡವುವುದು ಇಲ್ಲಿಯೇ ಎಂದು ನನಗೆ ಅನ್ನಿಸುತ್ತದೆ. ಹಾಗಾಗಿ ಇಲ್ಲಿ ತೊಳೆಯುವ ಹಾಗೂ ಹೋಲಿಕೆಗಾಗಿ ಇಡಬೇಕಾದ ಮಾದರಿಗಳ ಮಾತು ಹೆಚ್ಚಾಗಿ ಬರುತ್ತದೆ.

ನಳಿಕೆ ಮತ್ತು ಔಷಧ

ಷಟ್ಕೋನಗಳಾಗಿ ಹೆಣೆದುಕೊಂಡ ಇಂಗಾಲದ ಪರಮಾಣುಗಳ ಒಂದೇ ಪದರವು ಕೊಳವೆಯಾಗಿ ಸುತ್ತಿಕೊಂಡಿದ್ದರೆ ಅದು ಏಕಭಿತ್ತಿ ನಳಿಕೆ. ಇಂಥ ಕೊಳವೆಗಳು ಒಂದರೊಳಗೊಂದು ಸೇರಿಕೊಂಡಿದ್ದರೆ ಅದು ಬಹುಭಿತ್ತಿ ನಳಿಕೆ. ಏಕಭಿತ್ತಿ ನಳಿಕೆಯ ವ್ಯಾಸ ಸಾಮಾನ್ಯವಾಗಿ 1 ರಿಂದ 2 ನ್ಯಾನೊಮೀಟರ್. ಬಹುಭಿತ್ತಿಯದು ಕೆಲವು ನ್ಯಾನೊಮೀಟರಿನಿಂದ ಹಲವು ಹತ್ತು ನ್ಯಾನೊಮೀಟರಿನವರೆಗೆ ಇರುತ್ತದೆ. ಜಪಾನಿನ ಎನ್‌ಇಸಿ ಸಂಸ್ಥೆಯ ಸುಮಿಯೊ ಇಜಿಮಾ ಅವರು 1991ರಲ್ಲಿ ಪ್ರಕಟಿಸಿದ ವಿವರಣೆಯ ನಂತರ ಈ ಕ್ಷೇತ್ರ ಬೆಳೆಯಿತು. ಏಕಭಿತ್ತಿ ನಳಿಕೆಗಳನ್ನು 1993ರಲ್ಲಿ ಇಜಿಮಾ ಅವರ ತಂಡವೂ ಐಬಿಎಂ ಸಂಸ್ಥೆಯ ತಂಡವೂ ಪ್ರತ್ಯೇಕವಾಗಿ ವರದಿ ಮಾಡಿದವು. ಬೆಂಗಳೂರಿನಲ್ಲಿ ಸಿ.ಎನ್.ಆರ್. ರಾವ್ ಅವರ ತಂಡವು ಫೆರೋಸಿನ್‌ನಂತಹ ಲೋಹಯುಕ್ತ ಸಾವಯವ ಸಂಯುಕ್ತಗಳನ್ನು ಹೆಚ್ಚಿನ ಉಷ್ಣತೆಯಲ್ಲಿ ವಿಘಟಿಸಿ ನಳಿಕೆ ಬೆಳೆಸುವ ಮಾರ್ಗವನ್ನು 1990ರ ದಶಕದಲ್ಲಿಯೇ ರೂಪಿಸಿತ್ತು. ಇಂತಹ ವಿಧಾನಗಳಲ್ಲಿ ಕಬ್ಬಿಣವೇ ನಳಿಕೆ ಬೆಳೆಯಲು ಆಸರೆಯಾದ ವೇಗವರ್ಧಕ. ಕೆಲಸ ಮುಗಿದ ಮೇಲೂ ಅದು ಪುಡಿಯಲ್ಲಿ ಉಳಿದುಕೊಳ್ಳುತ್ತದೆ. ಈ ಉಳಿಕೆಯ ವಿಷಯ ಮುಂದೆ ಮತ್ತೆ ಬರಲಿದೆ.

ನಳಿಕೆ ಎಂದ ಕೂಡಲೇ ಕಡುಬಿನೊಳಗೆ ಹೂರಣ ತುಂಬಿದಂತೆ ಅದರೊಳಗೆ ಔಷಧ ತುಂಬುತ್ತಾರೆಂದು ಊಹಿಸಿಕೊಳ್ಳುವುದು ಸಹಜ. ಏಕಭಿತ್ತಿ ನಳಿಕೆಯ ಒಳಗಿನ ಜಾಗ ಡಾಕ್ಸೊರುಬಿಸಿನ್‌ನಂತಹ ಅಣುವಿಗೆ ತೀರ ಇಕ್ಕಟ್ಟು. ಔಷಧ ಕೂರುವುದು ಹೊರಗೋಡೆಯ ಮೇಲೆ. ಡಾಕ್ಸೊರುಬಿಸಿನ್ ಅಣುವಿನಲ್ಲಿ ಚಪ್ಪಟೆಯಾದ ಉಂಗುರಗಳ ಸಾಲೊಂದಿದೆ. ಆ ಉಂಗುರಗಳ ಮೇಲೂ ಕೆಳಗೂ ಹರಡಿಕೊಂಡಿರುವ ಪೈ ಎಲೆಕ್ಟ್ರಾನುಗಳು ನಳಿಕೆಯ ಗೋಡೆಯ ಪೈ ಎಲೆಕ್ಟ್ರಾನುಗಳೊಂದಿಗೆ ಪದರ ಜೋಡಿಸಿದ ಹಾಗೆ ಹೊಂದಿಕೊಳ್ಳುವುದರಿಂದ ರಾಸಾಯನಿಕ ಬಂಧವಿಲ್ಲದೆಯೇ ಅಣು ಗೋಡೆಗೆ ಅಂಟಿಕೊಳ್ಳುತ್ತದೆ. ಏಕಭಿತ್ತಿ ನಳಿಕೆಯ ಪ್ರತಿ ಪರಮಾಣುವೂ ಮೇಲ್ಮೈಯಲ್ಲಿಯೇ ಇರುವುದರಿಂದ ಸೈದ್ಧಾಂತಿಕವಾಗಿ 1 ಗ್ರಾಂ ನಳಿಕೆಯ ಹೊರಮೈಯ ವಿಸ್ತೀರ್ಣ 1,000 ಚದರ ಮೀಟರಿಗೂ ಹೆಚ್ಚು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಹಾಂಗ್ಜೀ ಡಾಯ್ ಅವರ ತಂಡವು 2007ರಲ್ಲಿ ಈ ಗುಣವನ್ನೇ ಬಳಸಿಕೊಂಡು ನಳಿಕೆಯ ತೂಕಕ್ಕಿಂತ ಹಲವು ಪಟ್ಟು ಹೆಚ್ಚು ತೂಕದ ಡಾಕ್ಸೊರುಬಿಸಿನ್ ಏರಿಸಿ ತೋರಿಸಿತು. ಇಲ್ಲಿ ವಿವರಿಸುತ್ತಿರುವ ಕ್ರಮಕ್ಕೆ ಆ ಕೆಲಸವೇ ಮೂಲ ಮಾದರಿ.

ಡಾಕ್ಸೊರುಬಿಸಿನ್ ಅನ್ನೇ ಆರಿಸಿಕೊಳ್ಳಲು ವೈದ್ಯಕೀಯ ಕಾರಣವೂ ಇದೆ. ಇದು ಹೃದಯದ ಸ್ನಾಯುವಿಗೆ ಹಾನಿ ಮಾಡುವುದರಿಂದ ಒಬ್ಬ ರೋಗಿಗೆ ಜೀವಮಾನದಲ್ಲಿ ಕೊಡಬಹುದಾದ ಒಟ್ಟು ಪ್ರಮಾಣವನ್ನು ದೇಹದ ಮೇಲ್ಮೈಯ ಪ್ರತಿ ಚದರ ಮೀಟರಿಗೆ ಸುಮಾರು 450 ರಿಂದ 550 ಮಿಲಿಗ್ರಾಂಗೆ ಮಿತಗೊಳಿಸುತ್ತಾರೆ. ಔಷಧವನ್ನು ಹೃದಯದಿಂದ ದೂರವಿಟ್ಟು ಗಡ್ಡೆಯ ಬಳಿ ಒಯ್ಯುವ ವಾಹಕ ಬೇಕೆಂಬ ಒತ್ತಾಯ ಬಂದದ್ದು ಇದರಿಂದ. ಲೈಪೊಸೋಮ್ ಎಂಬ ಕೊಬ್ಬಿನ ಗುಳ್ಳೆಗಳಲ್ಲಿ ಅಡಗಿಸಿದ ಡಾಕ್ಸೊರುಬಿಸಿನ್‌ಗೆ ಅಮೆರಿಕದಲ್ಲಿ 1995ರಲ್ಲಿಯೇ ಅನುಮೋದನೆ ಸಿಕ್ಕಿದೆ. ನೀವು ತಯಾರಿಸುವ ನಳಿಕೆ ಸ್ಪರ್ಧಿಸಬೇಕಾಗಿರುವುದು ಬರಿಯ ಔಷಧದೊಂದಿಗೆ ಅಲ್ಲ, ಈ ಲೈಪೊಸೋಮ್ ರೂಪದೊಂದಿಗೆ. ಯೋಜನೆ ಬರೆಯುವಾಗಲೇ ಈ ಹೋಲಿಕೆಯನ್ನು ಸೇರಿಸಿಕೊಳ್ಳಬೇಕು.

ಯಾವ ನಳಿಕೆಯನ್ನು ಕೊಳ್ಳಬೇಕು

ಉದ್ದವೇ ಮೊದಲ ಮಾನದಂಡ. 2008ರಲ್ಲಿ ಬ್ರಿಟನ್ನಿನ ಸಂಶೋಧಕರು ಇಲಿಗಳ ಉದರಕುಹರಕ್ಕೆ ಉದ್ದನೆಯ ಬಹುಭಿತ್ತಿ ನಳಿಕೆಗಳನ್ನು ಚುಚ್ಚಿದಾಗ ಆಸ್ಬೆಸ್ಟಾಸ್ ಎಳೆಗಳು ಉಂಟುಮಾಡುವಂತಹ ಉರಿಯೂತ ಮತ್ತು ಗಂಟುಗಳು ಕಾಣಿಸಿಕೊಂಡವು. ಗಿಡ್ಡನೆಯ, ಸಿಕ್ಕುಸಿಕ್ಕಾದ ನಳಿಕೆಗಳಲ್ಲಿ ಹಾಗಾಗಲಿಲ್ಲ. ಕಸ ನುಂಗುವ ಮ್ಯಾಕ್ರೊಫೇಜ್ ಕೋಶವು ತನಗಿಂತ ಉದ್ದವಾದ, ಬಾಗದ ಎಳೆಯನ್ನು ಪೂರ್ತಿ ನುಂಗಲಾರದೆ ಉರಿಯೂತದ ಸಂಕೇತಗಳನ್ನು ಹೊರಸೂಸುತ್ತಲೇ ಇರುವುದು ಇದರ ಹಿಂದಿನ ಕಾರಣ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2014ರಲ್ಲಿ ಒಂದು ನಿರ್ದಿಷ್ಟ ಬಗೆಯ ಬಹುಭಿತ್ತಿ ನಳಿಕೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ಸಾಧ್ಯತೆಯುಳ್ಳ ವಸ್ತುಗಳ ಗುಂಪಿಗೆ ಸೇರಿಸಿತು. ಉಳಿದ ನಳಿಕೆಗಳ ಬಗ್ಗೆ ತೀರ್ಮಾನಿಸಲು ಸಾಕ್ಷ್ಯ ಸಾಲದೆಂದು ಹೇಳಿತು. ಆದ್ದರಿಂದ ಔಷಧ ಸಾಗಣೆಗೆ ಏಕಭಿತ್ತಿ ನಳಿಕೆಗಳನ್ನು, ಅದರಲ್ಲಿಯೂ ಸಿದ್ಧವಾದ ಮೇಲೆ ಕೆಲವು ನೂರು ನ್ಯಾನೊಮೀಟರ್ ಮೀರದ ಉದ್ದದವನ್ನು ಬಳಸುವುದು ಜಾಣತನ.

ಎರಡನೆಯದು ಲೋಹದ ಉಳಿಕೆ. ಮಾರಾಟಗಾರರ ಪ್ರಮಾಣಪತ್ರವನ್ನು ನಂಬಿ ಕೂರದೆ ಪ್ರತಿಯೊಂದು ಹೊಸ ಡಬ್ಬಿಯ ಸ್ವಲ್ಪ ಪುಡಿಯನ್ನು ಗಾಳಿಯಲ್ಲಿ ಕಾಯಿಸಿ ತೂಕದ ಇಳಿಕೆಯನ್ನು ಅಳೆಯುವ ಉಷ್ಣತೂಕ ವಿಶ್ಲೇಷಣೆ ಮಾಡಿಸಬೇಕು. ಇಂಗಾಲವೆಲ್ಲ ಉರಿದುಹೋದ ಮೇಲೆ ಉಳಿಯುವುದು ಲೋಹದ ಆಕ್ಸೈಡ್. ಅದು ಕಬ್ಬಿಣದ ಆಕ್ಸೈಡ್ ಆಗಿದ್ದರೆ ಉಳಿದ ತೂಕವನ್ನು 0.70ರಿಂದ ಗುಣಿಸಿದಾಗ ಕಬ್ಬಿಣದ ತೂಕ ಸಿಗುತ್ತದೆ. ಕಬ್ಬಿಣ ಹೆಚ್ಚಿದ್ದರೆ ಜೀವಕೋಶಗಳಲ್ಲಿ ಉತ್ಕರ್ಷಣದ ಒತ್ತಡ ಹೆಚ್ಚಿ, ಲೋಹ ಮಾಡಿದ ಹಾನಿಯನ್ನು ನೀವು ಔಷಧದ ಪರಿಣಾಮವೆಂದು ಬರೆದುಕೊಳ್ಳುವ ಅಪಾಯವಿದೆ.

ಒಣ ಪುಡಿಯನ್ನು ಮುಟ್ಟುವ ಮೊದಲು

ಒಣ ಪುಡಿ ಅತಿ ಹಗುರ. ಡಬ್ಬಿಯ ಮುಚ್ಚಳ ತೆಗೆದ ಗಾಳಿಗೇ ಹಾರುತ್ತದೆ. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಶೋಧನಾ ಸಂಸ್ಥೆಯು 2013ರಲ್ಲಿ ಕೆಲಸದ ಜಾಗದ ಗಾಳಿಯಲ್ಲಿ ಎಂಟು ಗಂಟೆಗಳ ಸರಾಸರಿಯಾಗಿ ಪ್ರತಿ ಘನ ಮೀಟರಿಗೆ 1 ಮೈಕ್ರೊಗ್ರಾಂ ಎಂಬ ಮಿತಿಯನ್ನು ಶಿಫಾರಸು ಮಾಡಿದೆ ಎಂದರೆ ಎಚ್ಚರ ಎಷ್ಟು ಬೇಕೆಂದು ತಿಳಿಯುತ್ತದೆ. ಫ್ಯೂಮ್ ಹುಡ್ ಅಥವಾ ಮುಚ್ಚಿದ ಕೈಗವಸು ಪೆಟ್ಟಿಗೆಯೊಳಗೆ ತೂಗಿ, ತಕ್ಷಣ ದ್ರವಕ್ಕೆ ಸೇರಿಸಿ. ತೂಕದ ತಕ್ಕಡಿಯ ಪಕ್ಕದಲ್ಲಿ ಫ್ಯಾನ್ ತಿರುಗುತ್ತಿರಬಾರದು. ಎನ್‌95 ಅಥವಾ ಅದಕ್ಕಿಂತ ಉತ್ತಮ ಮುಖಗವಸು, ಎರಡು ಪದರ ನೈಟ್ರೈಲ್ ಕೈಗವಸು, ಉದ್ದ ತೋಳಿನ ಕೋಟು ಬೇಕು. ಚೆಲ್ಲಿದ್ದನ್ನು ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಬೇಕು.

ಡಾಕ್ಸೊರುಬಿಸಿನ್ ಸ್ವತಃ ಜೀವಕೋಶ ಕೊಲ್ಲುವ ಔಷಧ. ಚರ್ಮದ ಅಡಿಗೆ ಹೋದರೆ ಅಂಗಾಂಶ ಸಾಯುತ್ತದೆ. ಔಷಧ ತಗುಲಿದ ಟ್ಯೂಬು, ಟಿಪ್ಪು, ಸೋಸುಕಗಳನ್ನು ಸೈಟೊಟಾಕ್ಸಿಕ್ ಎಂಬ ಗುರುತುಳ್ಳ ಹಳದಿ ಚೀಲಕ್ಕೆ ಹಾಕಬೇಕೆಂದು ನಮ್ಮ ದೇಶದ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳು ಹೇಳುತ್ತವೆ. ಸಿಂಕಿಗೆ ಸುರಿಯುವ ಅಭ್ಯಾಸ ಬೇಡ.

ನಳಿಕೆಯನ್ನು ನೀರಿಗೆ ಒಗ್ಗಿಸುವುದು

ಶುದ್ಧ ನಳಿಕೆ ನೀರಿನಲ್ಲಿ ನಿಲ್ಲುವುದಿಲ್ಲ. ಹಗ್ಗದಂತೆ ಹೊಸೆದುಕೊಂಡು ತಳ ಸೇರುತ್ತದೆ. ಇದಕ್ಕೆ ಎರಡು ದಾರಿಗಳಿವೆ.

ಮೊದಲನೆಯದು ಆಮ್ಲದ ದಾರಿ. ಸಾಂದ್ರ ಗಂಧಕಾಮ್ಲ ಮತ್ತು ನೈಟ್ರಿಕ್ ಆಮ್ಲವನ್ನು 3:1ರ ಪ್ರಮಾಣದಲ್ಲಿ ಬೆರೆಸಿ, ಅದರಲ್ಲಿ ನಳಿಕೆಗಳನ್ನು ಶ್ರವಣಾತೀತ ತರಂಗಗಳಿಗೆ ಒಡ್ಡಿದರೆ ಅವು ತುಂಡಾಗುತ್ತವೆ, ತುದಿಗಳಲ್ಲಿಯೂ ಗೋಡೆಯ ದೋಷಗಳಲ್ಲಿಯೂ ಕಾರ್ಬಾಕ್ಸಿಲ್ ಗುಂಪುಗಳು ಮೂಡುತ್ತವೆ, ಲೋಹವೂ ಬಹುಪಾಲು ಕರಗಿಹೋಗುತ್ತದೆ. ಆದರೆ ಆಮ್ಲವು ಗೋಡೆಯನ್ನೂ ಕೊರೆಯುತ್ತದೆ. ಔಷಧ ಕೂರಬೇಕಾದ ಪೈ ಮೇಲ್ಮೈಯೇ ಹಾಳಾಗುತ್ತದೆ. ಇನ್ನೊಂದು ತೊಡಕು ಕಡಿಮೆ ಪರಿಚಿತವಾದದ್ದು: ಆಮ್ಲ ಕತ್ತರಿಸಿ ಹಾಕಿದ ಸಣ್ಣ ಇಂಗಾಲದ ಚೂರುಗಳು ನಳಿಕೆಗೆ ಮೆತ್ತಿಕೊಂಡಿರುತ್ತವೆ. ಔಷಧ ಆ ಚೂರುಗಳಿಗೂ ಅಂಟುತ್ತದೆ, ಚೂರುಗಳು ಕಳಚಿದಾಗ ಔಷಧವೂ ಅವುಗಳ ಜೊತೆ ಹೋಗುತ್ತದೆ, ಬಿಡುಗಡೆಯ ರೇಖೆ ಅರ್ಥವಿಲ್ಲದ್ದಾಗುತ್ತದೆ. ಈ ದಾರಿ ಹಿಡಿದವರು ಆಮ್ಲವನ್ನು ತೊಳೆದ ನಂತರ ತೆಳುವಾದ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣದಿಂದ, ಸೋಸಿದ ನೀರಿನ ಕಂದು ಬಣ್ಣ ಹೋಗುವವರೆಗೆ ತೊಳೆದು, ಮತ್ತೆ ತೆಳು ಆಮ್ಲ ಹಾಗೂ ನೀರಿನಿಂದ ತಟಸ್ಥ ಸ್ಥಿತಿಗೆ ತರಬೇಕು.

ಎರಡನೆಯದು ಹೊದಿಕೆಯ ದಾರಿ. ಡಾಕ್ಸೊರುಬಿಸಿನ್‌ನ ಮಟ್ಟಿಗೆ ನಾನು ಇದನ್ನೇ ಸೂಚಿಸುತ್ತೇನೆ. ಫಾಸ್ಫೊಲಿಪಿಡ್ ಅಣುವಿಗೆ ಪಾಲಿಎಥಿಲೀನ್ ಗ್ಲೈಕಾಲ್ ಸರಪಳಿ ಜೋಡಿಸಿದ ವಸ್ತು, ಪ್ರಯೋಗಾಲಯಗಳಲ್ಲಿ ಡಿಎಸ್‌ಪಿಇ–ಪೆಗ್ ಎಂದು ಕರೆಯುವಂಥದ್ದು, ಇಲ್ಲಿ ಬೇಕಾಗುತ್ತದೆ. ಇದರ ಕೊಬ್ಬಿನ ಬಾಲಗಳು ನಳಿಕೆಯ ಗೋಡೆಗೆ ಅಂಟುತ್ತವೆ, ಪೆಗ್ ಸರಪಳಿ ನೀರಿನೊಳಕ್ಕೆ ಚಾಚಿಕೊಂಡು ನಳಿಕೆಗಳನ್ನು ಪರಸ್ಪರ ದೂರವಿಡುತ್ತದೆ, ಮತ್ತು ಗೋಡೆಯ ಹೆಚ್ಚಿನ ಭಾಗ ಔಷಧಕ್ಕೆ ತೆರೆದೇ ಉಳಿಯುತ್ತದೆ. ಸುಮಾರು 5,000 ಅಣುತೂಕದ ಪೆಗ್ ಆರಿಸಿಕೊಳ್ಳಿ. ತುದಿಯಲ್ಲಿ ಅಮೈನ್ ಗುಂಪು ಇರುವಂತಹುದಾದರೆ ಮುಂದೆ ಗಡ್ಡೆಯ ಕೋಶಗಳನ್ನು ಹುಡುಕಿ ಹಿಡಿಯುವ ಗುರಿಕಾರಕ ಅಣುವನ್ನು ಜೋಡಿಸಲು ಅನುಕೂಲ.

ಪ್ರತಿ ಮಿಲಿಲೀಟರ್ ನೀರಿಗೆ ಕಾಲು ಮಿಲಿಗ್ರಾಂನಷ್ಟು ನಳಿಕೆ ಮತ್ತು ಅದರ ಕೆಲವು ಪಟ್ಟು ತೂಕದ ಡಿಎಸ್‌ಪಿಇ–ಪೆಗ್ ಹಾಕಿ, ನೀರಿನ ತೊಟ್ಟಿಯ ಮಾದರಿಯ ಸೋನಿಕೇಟರಿನಲ್ಲಿ, ಅಂದರೆ ಶ್ರವಣಾತೀತ ತರಂಗ ಹಾಯಿಸುವ ಯಂತ್ರದಲ್ಲಿ, ಸುಮಾರು ಒಂದು ಗಂಟೆ ಇಡಿ. ನೀರು ಬಿಸಿಯಾಗಲು ಬಿಡದೆ ಆಗಾಗ ಬದಲಾಯಿಸಿ. ಕಡ್ಡಿಯ ಮಾದರಿಯ ಸೋನಿಕೇಟರ್ ವೇಗವಾಗಿ ಕೆಲಸ ಮಾಡುತ್ತದಾದರೂ ಅದರ ತುದಿಯಿಂದ ಟೈಟೇನಿಯಂ ಕಣಗಳು ಉದುರುತ್ತವೆ, ನಳಿಕೆಗಳಿಗೂ ಹೆಚ್ಚು ಹಾನಿಯಾಗುತ್ತದೆ. ನಂತರ 24,000 ಜಿ ಬಲದಲ್ಲಿ ಸುಮಾರು ಆರು ಗಂಟೆ ಸೆಂಟ್ರಿಫ್ಯೂಜ್ ಮಾಡಿ, ಮೇಲಿನ ಕಪ್ಪು ದ್ರವವನ್ನು ಮಾತ್ರ ಹುಷಾರಾಗಿ ಎತ್ತಿಕೊಳ್ಳಿ. ತಳದಲ್ಲಿ ಕೂತದ್ದು ಹೊಸೆದುಕೊಂಡ ನಳಿಕೆಗಳು ಮತ್ತು ಲೋಹ. ಇಳುವರಿ ಕಡಿಮೆಯಾಯಿತೆಂದು ಅದನ್ನು ಮತ್ತೆ ಸೇರಿಸಿಕೊಳ್ಳುವ ಆಸೆ ಬೇಡ.

ಈಗ ಹೆಚ್ಚುವರಿ ಡಿಎಸ್‌ಪಿಇ–ಪೆಗ್ ತೆಗೆಯಬೇಕು. ಬಹಳ ಮಂದಿ ಅವಸರ ಮಾಡುವ ಜಾಗ ಇದು. ನಳಿಕೆಗೆ ಅಂಟದೆ ಉಳಿದ ಈ ಅಣುಗಳು ತಮ್ಮಷ್ಟಕ್ಕೇ ಗುಂಪುಗೂಡಿ ಮೈಸೆಲ್ ಎಂಬ ಸಣ್ಣ ಗೋಲಿಗಳಾಗುತ್ತವೆ, ಆ ಗೋಲಿಗಳೂ ಔಷಧವನ್ನು ಹಿಡಿದಿಟ್ಟುಕೊಳ್ಳುತ್ತವೆ. ಕೊನೆಗೆ ಅಳೆದಾಗ ಮೈಸೆಲ್ ಹೊತ್ತ ಔಷಧವೂ ನಳಿಕೆಯ ಲೆಕ್ಕಕ್ಕೆ ಬೀಳುತ್ತದೆ. 100 ಕಿಲೊಡಾಲ್ಟನ್ ಮಿತಿಯ, ಅಂದರೆ ಅದಕ್ಕಿಂತ ಕಡಿಮೆ ಅಣುತೂಕದ್ದನ್ನು ಕೆಳಗಿಳಿಸಿಬಿಡುವ ಸೆಂಟ್ರಿಫ್ಯೂಜ್ ಸೋಸುಕದಲ್ಲಿ, ಪ್ರತಿ ಬಾರಿಯೂ ಧಾರಾಳವಾಗಿ ನೀರು ಬೆರೆಸಿ ಮೈಸೆಲ್‌ಗಳು ಬಿಡಿಯಾಗಲು ಅವಕಾಶ ಕೊಟ್ಟು, ಹಲವು ಸುತ್ತು ತೊಳೆಯಿರಿ. ತೊಳೆದ ನೀರನ್ನು ಅಲುಗಿಸಿದಾಗ ನೊರೆ ಏಳುವುದು ನಿಂತಿರಬೇಕು.

ಹೊದಿಕೆ ಸರಿಯಾಗಿದೆಯೇ ಎಂದು ತಿಳಿಯಲು ಒಂದು ಪಾಲನ್ನು ಉಪ್ಪಿನ ಫಾಸ್ಫೇಟ್ ಬಫರಿನಲ್ಲಿಯೂ ಇನ್ನೊಂದನ್ನು ಸೀರಮ್ಮಿನಲ್ಲಿಯೂ ಒಂದು ರಾತ್ರಿ 37 ಡಿಗ್ರಿಯಲ್ಲಿಡಿ. ಉಂಡೆ ಕಟ್ಟಿದರೆ ಮುಂದಕ್ಕೆ ಹೋಗದೆ ಹಿಂದಿನ ಹಂತಕ್ಕೆ ಮರಳಿ. ಬೆಳಕು ಚದುರುವ ರೀತಿಯಿಂದ ಬಂಧಗಳ ಸ್ಥಿತಿಯನ್ನು ತಿಳಿಸುವ ರಾಮನ್ ವರ್ಣಪಟಲದಲ್ಲಿ ಸುಮಾರು 1,590 ತರಂಗಸಂಖ್ಯೆಯ ಬಳಿ ಇರುವ ಜಿ ಶಿಖರಕ್ಕೆ ಹೋಲಿಸಿದಾಗ 1,350ರ ಆಸುಪಾಸಿನ ಡಿ ಶಿಖರ ಆರಂಭದ ಪುಡಿಯಲ್ಲಿ ಇದ್ದದ್ದಕ್ಕಿಂತ ಬಹಳ ಏರಿದ್ದರೆ ಸೋನಿಕೇಶನ್ ಅತಿಯಾಗಿ ಗೋಡೆ ಮುರಿದಿದೆ ಎಂದರ್ಥ. ಉದ್ದವನ್ನು ಪರಮಾಣು ಬಲ ಸೂಕ್ಷ್ಮದರ್ಶಕದಲ್ಲಿ ಅಳೆಯಿರಿ. ಬೆಳಕಿನ ಚದುರಿಕೆಯಿಂದ ಗಾತ್ರ ಹೇಳುವ ಯಂತ್ರವು ಕಣ ಗುಂಡಗಿದೆ ಎಂದು ಊಹಿಸಿಕೊಳ್ಳುವುದರಿಂದ ಕಡ್ಡಿಯಾಕಾರದ ನಳಿಕೆಗೆ ಅದು ಕೊಡುವ ಅಂಕಿ ಒಂದು ಸೂಚನೆ ಮಾತ್ರ.

ಔಷಧ ಏರಿಸುವುದು

ಡಾಕ್ಸೊರುಬಿಸಿನ್‌ನ ಸಕ್ಕರೆ ಭಾಗದಲ್ಲಿ ಒಂದು ಅಮೈನ್ ಗುಂಪಿದೆ. ಆಮ್ಲೀಯ ದ್ರವದಲ್ಲಿ ಅದು ಪ್ರೋಟಾನ್ ಪಡೆದು ಧನಾವೇಶ ಹೊಂದುತ್ತದೆ, ಔಷಧ ನೀರನ್ನೇ ಮೆಚ್ಚುತ್ತದೆ. ಪಿಎಚ್ 8ರ ಸುತ್ತ ಆ ಆವೇಶ ಕಳೆದುಕೊಳ್ಳತೊಡಗಿದಾಗ ಅಣು ನೀರನ್ನು ಬಿಟ್ಟು ನಳಿಕೆಯ ಗೋಡೆಯನ್ನು ಆಶ್ರಯಿಸುತ್ತದೆ. ಏರಿಸುವಾಗ ಪಿಎಚ್ 8, ಇಳಿಸುವಾಗ ಪಿಎಚ್ 5.5 ಎಂಬ ಈ ವಿಧಾನದ ಮರ್ಮ ಇಷ್ಟೇ. ಗಡ್ಡೆಯ ಸುತ್ತಲಿನ ದ್ರವ ರಕ್ತಕ್ಕಿಂತ ತುಸು ಆಮ್ಲೀಯ, ಕೋಶವು ನುಂಗಿದ್ದನ್ನು ಜೀರ್ಣಿಸುವ ಲೈಸೊಸೋಮ್ ಎಂಬ ಒಳಚೀಲ ಇನ್ನೂ ಆಮ್ಲೀಯ, ಅಂದರೆ ಪಿಎಚ್ 4.5 ರಿಂದ 5. ಹಾಗಾಗಿ ನಳಿಕೆಯನ್ನು ಕೋಶ ನುಂಗಿದ ಮೇಲೆ ಔಷಧ ತಾನಾಗಿ ಕಳಚಬೇಕೆಂಬುದು ನಿರೀಕ್ಷೆ.

ಹೊದಿಕೆಯುಳ್ಳ ನಳಿಕೆಯನ್ನು ಮಿಲಿಲೀಟರಿಗೆ ಸುಮಾರು 0.05 ಮಿಲಿಗ್ರಾಂ ಪ್ರಮಾಣದಲ್ಲಿ ತೆಗೆದುಕೊಂಡು, ಅರ್ಧ ಮಿಲಿಮೋಲಾರ್ ಆಸುಪಾಸಿನ ಡಾಕ್ಸೊರುಬಿಸಿನ್ ಸೇರಿಸಿ, ಪಿಎಚ್ ಅನ್ನು 8ಕ್ಕೆ ತಂದು, ಅಲ್ಯುಮಿನಿಯಂ ಹಾಳೆ ಸುತ್ತಿ, ಕತ್ತಲಲ್ಲಿ ಒಂದು ರಾತ್ರಿ ನಿಧಾನವಾಗಿ ಕಲಕುತ್ತಿರಿ. ಬೆಳಕಿನಲ್ಲಿಯೂ ಹೆಚ್ಚು ಕ್ಷಾರದಲ್ಲಿಯೂ ಈ ಔಷಧ ಕೆಡುತ್ತದೆ. ಪಿಎಚ್ 9ಕ್ಕೆ ಏರಿಸಿದರೆ ಇನ್ನಷ್ಟು ಅಂಟುತ್ತದೆಂಬುದು ನಿಜವಾದರೂ ಅಂಟಿದ್ದರಲ್ಲಿ ಎಷ್ಟು ಔಷಧವಾಗಿಯೇ ಉಳಿದಿದೆ ಎಂಬ ಪ್ರಶ್ನೆ ಏಳುತ್ತದೆ. ದ್ರವ ವರ್ಣರೇಖನದಲ್ಲಿ ಒಮ್ಮೆ ಪರೀಕ್ಷಿಸಿಕೊಂಡರೆ ಈ ಅನುಮಾನ ತೀರುತ್ತದೆ.

ಇದೇ ಹೊತ್ತಿಗೆ ಪಕ್ಕದಲ್ಲಿ ಇನ್ನೆರಡು ಟ್ಯೂಬುಗಳನ್ನು ಇಡಲೇಬೇಕು. ಒಂದರಲ್ಲಿ ನಳಿಕೆ ಇಲ್ಲದೆ ಅಷ್ಟೇ ಔಷಧ, ಅದೇ ಬಫರ್, ಅದೇ ಪಿಎಚ್. ಇನ್ನೊಂದರಲ್ಲಿ ಔಷಧವಿಲ್ಲದೆ ನಳಿಕೆ ಮಾತ್ರ. ಕ್ಷಾರೀಯ ಬಫರಿನಲ್ಲಿ ಡಾಕ್ಸೊರುಬಿಸಿನ್ ತನ್ನಲ್ಲಿಯೇ ಜೋಡಿಗಟ್ಟಿ ಗುಂಪುಗೂಡುತ್ತದೆ, ಸೋಸುಕದ ಪೊರೆಗೂ ಮೆತ್ತಿಕೊಳ್ಳುತ್ತದೆ. ನಳಿಕೆ ಇಲ್ಲದ ಟ್ಯೂಬನ್ನು ಅದೇ ಸೋಸುಕದಲ್ಲಿ ಅಷ್ಟೇ ಸಲ ತೊಳೆದಾಗ ಮೇಲುಗಡೆ ಕೆಂಪು ಉಳಿದರೆ, ಅಷ್ಟು ಕೆಂಪು ನಿಮ್ಮ ಮುಖ್ಯ ಟ್ಯೂಬಿನಲ್ಲಿಯೂ ನಳಿಕೆಗೆ ಸಂಬಂಧವಿಲ್ಲದೆ ಉಳಿದಿರುತ್ತದೆ. ಈ ಒಂದು ಟ್ಯೂಬನ್ನು ಇಡದೆ ಹೇಳಿದ ಏರಿಕೆಯ ಅಂಕಿಯನ್ನು ನಾನು ಒಪ್ಪುವುದಿಲ್ಲ.

ತೊಳೆಯುವುದಕ್ಕೆ ಮತ್ತೆ 100 ಕಿಲೊಡಾಲ್ಟನ್ ಸೋಸುಕವೇ. ಕೆಳಗಿಳಿದ ದ್ರವ ಕಣ್ಣಿಗೆ ಬಣ್ಣರಹಿತವಾದರೆ ಸಾಲದು. ಡಾಕ್ಸೊರುಬಿಸಿನ್ ಬಲವಾಗಿ ಹೊಳೆಯುವ ಅಣುವಾದ್ದರಿಂದ ಪ್ರತಿದೀಪ್ತಿಮಾಪಕದಲ್ಲಿ ನೋಡಿ, ಹೊಳಪು ಬಫರಿನ ಮಟ್ಟಕ್ಕೆ ಇಳಿಯುವವರೆಗೆ ಮುಂದುವರಿಸಿ. ತೊಳೆದ ಎಲ್ಲ ದ್ರವವನ್ನೂ ಕೂಡಿಟ್ಟು ಅದರಲ್ಲಿನ ಔಷಧವನ್ನು ಅಳೆಯಿರಿ. ಹಾಕಿದ್ದು, ತೊಳೆದು ಹೋದದ್ದು, ನಳಿಕೆಯ ಮೇಲೆ ಉಳಿದದ್ದು, ಇವುಗಳ ಲೆಕ್ಕ ಕೂಡದಿದ್ದರೆ ವ್ಯತ್ಯಾಸದಷ್ಟು ಔಷಧ ಪೊರೆಯಲ್ಲಿಯೋ ಟ್ಯೂಬಿನ ಗೋಡೆಯಲ್ಲಿಯೋ ಇದೆ.

ಅಳತೆ ಮತ್ತು ಲೆಕ್ಕ

ನಳಿಕೆಯ ಮೇಲೆ ಕೂತ ಡಾಕ್ಸೊರುಬಿಸಿನ್‌ನ ಹೊಳಪನ್ನು ನಳಿಕೆ ಹೀರಿಕೊಂಡು ನಂದಿಸಿಬಿಡುತ್ತದೆ. ಆದ್ದರಿಂದ ಅಂಟಿದ ಔಷಧವನ್ನು ಹೊಳಪಿನಿಂದ ಅಳೆಯುವಂತಿಲ್ಲ. 490 ನ್ಯಾನೊಮೀಟರಿನಲ್ಲಿ ಬೆಳಕಿನ ಹೀರಿಕೆಯನ್ನೇ ಅಳೆಯಬೇಕು, ಮತ್ತು ಅಲ್ಲಿ ನಳಿಕೆಯದೇ ಹೀರಿಕೆಯೂ ಇರುವುದರಿಂದ ಔಷಧವಿಲ್ಲದ ನಳಿಕೆಯ ಟ್ಯೂಬಿನ ಅಂಕಿಯನ್ನು ಕಳೆಯಬೇಕು.

ಒಂದು ಲೆಕ್ಕ ಮಾಡಿ ನೋಡೋಣ. ಹೈಪ್ಕೊ ವಿಧಾನದ (ಅಧಿಕ ಒತ್ತಡದ ಕಾರ್ಬನ್ ಮಾನಾಕ್ಸೈಡಿನಿಂದ ಬೆಳೆಸಿದ) ಏಕಭಿತ್ತಿ ನಳಿಕೆಗೆ 808 ನ್ಯಾನೊಮೀಟರಿನಲ್ಲಿ ಹೀರಿಕೆಯ ಗುಣಾಂಕ ಗ್ರಾಂ–ಸೆಂಟಿಮೀಟರಿಗೆ 46.5 ಲೀಟರ್ ಎಂದು ಬಳಸುತ್ತಾರೆ. ನಿಮ್ಮ ಮಾದರಿ 1 ಸೆಂಟಿಮೀಟರ್ ಕೋಶದಲ್ಲಿ 0.465 ತೋರಿಸಿದರೆ ನಳಿಕೆಯ ಪ್ರಮಾಣ ಲೀಟರಿಗೆ 0.01 ಗ್ರಾಂ, ಅಂದರೆ ಮಿಲಿಲೀಟರಿಗೆ 10 ಮೈಕ್ರೊಗ್ರಾಂ. ನಳಿಕೆಯ ಪಾಲು ಕಳೆದ ಮೇಲೆ 490ರಲ್ಲಿ 0.42 ಉಳಿಯಿತೆನ್ನಿ. ಡಾಕ್ಸೊರುಬಿಸಿನ್‌ನ ಮೋಲಾರ್ ಗುಣಾಂಕ 10,500 ಎಂದು ಹಿಡಿದರೆ 40 ಮೈಕ್ರೊಮೋಲಾರ್, ಅಣುತೂಕ 543.5 ಆದ್ದರಿಂದ ಮಿಲಿಲೀಟರಿಗೆ ಸುಮಾರು 21.7 ಮೈಕ್ರೊಗ್ರಾಂ. ಅಲ್ಲಿಗೆ 1 ಗ್ರಾಂ ನಳಿಕೆಯ ಮೇಲೆ 2.17 ಗ್ರಾಂ ಔಷಧ. ಇದನ್ನು ಶೇ 217 ಎಂದೂ ಬರೆಯುತ್ತಾರೆ. ಒಟ್ಟು ತೂಕದಲ್ಲಿ ಔಷಧದ ಪಾಲು ಎಂದು ಬರೆದರೆ ಅದೇ ಮಾದರಿ ಶೇ 68 ಆಗುತ್ತದೆ. ಎರಡರಲ್ಲಿ ಯಾವುದು ಎಂದು ಸ್ಪಷ್ಟಪಡಿಸದ ಅಂಕಿಗಳನ್ನು ಹೋಲಿಸಲು ಹೋಗಬೇಡಿ. ಗೋಡೆಗೆ ಅಂಟಿದ ಔಷಧದ ಹೀರಿಕೆಯ ಶಿಖರ ಕೆಂಪಿನ ಕಡೆಗೆ ಸ್ವಲ್ಪ ಸರಿಯುವುದರಿಂದ ಈ ಲೆಕ್ಕದಲ್ಲಿ ಸಣ್ಣ ತಪ್ಪು ಉಳಿದೇ ಇರುತ್ತದೆ. ತೊಳೆದ ದ್ರವದ ಲೆಕ್ಕದೊಂದಿಗೆ ತಾಳೆ ನೋಡುವುದು ಅದಕ್ಕಾಗಿಯೇ.

ಬಿಡುಗಡೆಯ ಪರೀಕ್ಷೆ

ಡಯಾಲಿಸಿಸ್ ಚೀಲದಲ್ಲಿ ಮಾದರಿಯನ್ನು ಕಟ್ಟಿ, ಪಿಎಚ್ 7.4 ಮತ್ತು 5.5ರ ಬಫರುಗಳಲ್ಲಿ, 37 ಡಿಗ್ರಿಯಲ್ಲಿ, ಕತ್ತಲಲ್ಲಿ ಇಟ್ಟು, ನಿಗದಿತ ಹೊತ್ತಿಗೆ ಹೊರಗಿನ ದ್ರವದಲ್ಲಿನ ಔಷಧವನ್ನು ಅಳೆಯುವುದು ರೂಢಿ. ಹೊರಗಿನ ದ್ರವ ಸಾಕಷ್ಟು ಇರಬೇಕು. ಕಡಿಮೆಯಿದ್ದರೆ ಹೊರಬಂದ ಔಷಧ ತುಂಬಿಕೊಂಡು ಮುಂದಿನದು ಹೊರಬರುವುದನ್ನೇ ತಡೆಯುತ್ತದೆ. ಬರಿಯ ಔಷಧವನ್ನು ತುಂಬಿದ ಇನ್ನೊಂದು ಚೀಲವನ್ನೂ ಜೊತೆಗಿಡಿ. ಚೀಲದ ಪೊರೆಯನ್ನು ದಾಟುವುದಕ್ಕೇ ಔಷಧಕ್ಕೆ ಹೊತ್ತು ಹಿಡಿಯುತ್ತದೆ. ಆ ಹೊತ್ತನ್ನು ನಳಿಕೆ ಔಷಧವನ್ನು ನಿಧಾನವಾಗಿ ಬಿಡುತ್ತಿದೆ ಎಂಬ ಗುಣವಾಗಿ ಬಣ್ಣಿಸಿರುವುದನ್ನು ಕಾಣಬಹುದು. ಮೊದಲ ಗಂಟೆಯಲ್ಲಿಯೇ ದೊಡ್ಡ ಪಾಲು ಹೊರಬಂದರೆ ಅದು ಬಹುಮಟ್ಟಿಗೆ ತೊಳೆಯುವುದರಲ್ಲಿ ಉಳಿದ ಕೊರತೆ.

ಬಫರಿಗಿಂತ ಸೀರಮ್ಮಿನ ಫಲಿತಾಂಶ ಮುಖ್ಯ. ರಕ್ತದ ಪ್ರೋಟೀನುಗಳು ನಳಿಕೆಯ ಗೋಡೆಯ ಮೇಲೆ ಜಾಗ ಹಿಡಿಯಲು ಔಷಧದೊಂದಿಗೆ ಪೈಪೋಟಿ ನಡೆಸುತ್ತವೆ. ಬಫರಿನಲ್ಲಿ ದಿನಗಟ್ಟಲೆ ನಿಂತ ಔಷಧ ಸೀರಮ್ಮಿನಲ್ಲಿ ಬೇಗ ಕಳಚಿದರೆ, ಗಡ್ಡೆಯನ್ನು ಮುಟ್ಟುವ ಮೊದಲೇ ಅದು ರಕ್ತದಲ್ಲಿ ಚೆಲ್ಲಿಹೋಗುತ್ತದೆ ಎಂದೇ ತಿಳಿಯಬೇಕು. ವ್ಯಾಸ ಹೆಚ್ಚಿರುವ ನಳಿಕೆಗಳು ಔಷಧವನ್ನು ಹೆಚ್ಚು ಬಿಗಿಯಾಗಿ ಹಿಡಿಯುತ್ತವೆ. ಬೇಗ ಕಳಚುವ ತೊಂದರೆಗೆ ನಳಿಕೆ ಬದಲಾಯಿಸುವುದು ಒಂದು ಪರಿಹಾರ. ಇನ್ನೊಂದು ಪರಿಹಾರವೆಂದರೆ ಗೋಡೆಗೆ ಅಂಟಿಸುವ ಬದಲು ಪೆಗ್‌ನ ತುದಿಗೆ, ದೇಹದಲ್ಲಿ ಮುರಿಯುವಂತಹ ಬಂಧದಿಂದ ಔಷಧವನ್ನು ಕಟ್ಟುವುದು. ಡಾಯ್ ಅವರ ತಂಡವು 2008ರಲ್ಲಿ ಪ್ಯಾಕ್ಲಿಟ್ಯಾಕ್ಸೆಲ್ ಔಷಧವನ್ನು ಎಸ್ಟರ್ ಬಂಧದಿಂದ ಹೀಗೆ ಕಟ್ಟಿ, ಇಲಿಗಳ ಸ್ತನ ಕ್ಯಾನ್ಸರ್ ಗಡ್ಡೆಗಳ ಬೆಳವಣಿಗೆ ಬರಿಯ ಔಷಧ ಕೊಟ್ಟಾಗಿನದಕ್ಕಿಂತ ಹೆಚ್ಚು ಕುಗ್ಗುವುದನ್ನು ತೋರಿಸಿತು.

ಫೋಲಿಕ್ ಆಮ್ಲ, ಆರ್‌ಜಿಡಿ ಪೆಪ್ಟೈಡ್, ಪ್ರತಿಕಾಯ ಮೊದಲಾದ ಗುರಿಕಾರಕಗಳನ್ನು ಪೆಗ್‌ನ ಅಮೈನ್ ತುದಿಗೆ ಜೋಡಿಸುವುದಿದ್ದರೆ ಔಷಧ ಏರಿಸುವ ಮೊದಲೇ ಜೋಡಿಸಿ. ಡಾಕ್ಸೊರುಬಿಸಿನ್‌ನಲ್ಲಿಯೂ ಅಮೈನ್ ಇರುವುದರಿಂದ ಕ್ರಮ ತಪ್ಪಿದರೆ ಗುರಿಕಾರಕ ಔಷಧಕ್ಕೇ ಅಂಟಿಕೊಳ್ಳುತ್ತದೆ.

ಜೀವಕೋಶಗಳ ಮೇಲೆ

ಕೋಶಗಳ ಬದುಕನ್ನು ಅಳೆಯಲು ಎಲ್ಲೆಡೆ ಬಳಸುವ ಎಂಟಿಟಿ ಪರೀಕ್ಷೆಯನ್ನು ಇಲ್ಲಿ ನೆಚ್ಚಿಕೊಳ್ಳಬೇಡಿ. ಆ ಪರೀಕ್ಷೆಯಲ್ಲಿ ಬದುಕಿರುವ ಕೋಶಗಳು ನೇರಳೆ ಬಣ್ಣದ ಫಾರ್ಮಜಾನ್ ಹರಳುಗಳನ್ನು ಉಂಟುಮಾಡುತ್ತವೆ. ಆ ಹರಳುಗಳು ನಳಿಕೆಗಳಿಗೆ ಅಂಟಿಕೊಂಡು ಕರಗದೆ ಉಳಿಯುವುದರಿಂದ ಆರೋಗ್ಯವಾಗಿರುವ ಕೋಶಗಳೂ ಸತ್ತಂತೆ ಲೆಕ್ಕಕ್ಕೆ ಬರುತ್ತವೆ. ಜರ್ಮನಿಯ ಸಂಶೋಧಕರು 2006ರಲ್ಲಿ ಇದನ್ನು ಸ್ಪಷ್ಟವಾಗಿ ತೋರಿಸಿದರು. ನೀರಿನಲ್ಲಿ ಕರಗುವ ಬಣ್ಣ ಕೊಡುವ ಡಬ್ಲ್ಯುಎಸ್‌ಟಿ–1 ಪರೀಕ್ಷೆಯಲ್ಲಿ ಅಂತಹ ಸಾವು ಕಾಣಲಿಲ್ಲ. ಕನಿಷ್ಠ ಎರಡು ಬೇರೆ ಬೇರೆ ತತ್ವದ ಪರೀಕ್ಷೆಗಳನ್ನು ಮಾಡಿ, ಸಾಧ್ಯವಿದ್ದರೆ ಕೋಶಗಳು ಕಾಲೊನಿ ಕಟ್ಟುವುದನ್ನು ಎಣಿಸಿ.

ಬರಿಯ ಔಷಧ, ಬರಿಯ ನಳಿಕೆ, ಔಷಧ ಹೊತ್ತ ನಳಿಕೆ, ಬರಿಯ ಡಿಎಸ್‌ಪಿಇ–ಪೆಗ್ ಮತ್ತು ಏನೂ ಹಾಕದ ಕೋಶಗಳು, ಈ ಐದೂ ಒಂದೇ ಫಲಕದಲ್ಲಿರಬೇಕು. ತಟ್ಟೆಯಲ್ಲಿ ಬರಿಯ ಔಷಧವೇ ಔಷಧ ಹೊತ್ತ ನಳಿಕೆಗಿಂತ ಹೆಚ್ಚು ಕೋಶಗಳನ್ನು ಕೊಂದರೆ ಗಾಬರಿಯಾಗಬೇಕಿಲ್ಲ. ಬರಿಯ ಔಷಧ ನೇರವಾಗಿ ಕೋಶದೊಳಗೆ ನುಸುಳುತ್ತದೆ. ನಳಿಕೆ ಮೊದಲು ನುಂಗಿಸಿಕೊಳ್ಳಬೇಕು, ಆಮೇಲೆ ಔಷಧ ಬಿಡಬೇಕು. ನಂದಿದ ಹೊಳಪು ಇಲ್ಲಿ ಉಪಕಾರಕ್ಕೆ ಬರುತ್ತದೆ: ಸೂಕ್ಷ್ಮದರ್ಶಕದಲ್ಲಿ ಕೋಶಕೇಂದ್ರ ಕೆಂಪಗೆ ಹೊಳೆಯತೊಡಗಿದರೆ ಅದು ನಳಿಕೆಯಿಂದ ಕಳಚಿ ಡಿಎನ್‌ಎ ಇರುವಲ್ಲಿಗೆ ತಲುಪಿದ ಔಷಧ.

ಪ್ರಾಣಿಗಳ ಹಂತ ಮತ್ತು ಅನುಮತಿಗಳು

ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆ ಇಲ್ಲದೆ ಒಂದು ಇಲಿಯನ್ನೂ ಮುಟ್ಟುವಂತಿಲ್ಲ. ಆ ಸಮಿತಿ ಕೇಳುವ ಮೊದಲ ಪ್ರಶ್ನೆ ನಳಿಕೆ ಕೊನೆಗೆ ಎಲ್ಲಿಗೆ ಹೋಗುತ್ತದೆ ಎಂಬುದಾಗಿರಬೇಕು. ರಕ್ತಕ್ಕೆ ಚುಚ್ಚಿದ ನಳಿಕೆಯ ದೊಡ್ಡ ಪಾಲು ಯಕೃತ್ತು ಮತ್ತು ಗುಲ್ಮದಲ್ಲಿ ಸೇರುತ್ತದೆ. ಡಾಯ್ ಅವರ ತಂಡವು ನಳಿಕೆಯದೇ ರಾಮನ್ ಸಂಕೇತವನ್ನು ಹಿಂಬಾಲಿಸಿ, ಪೆಗ್ ಹೊದಿಕೆಯ ನಳಿಕೆಗಳು ಇಲಿಗಳಲ್ಲಿ ಪಿತ್ತದ ಮೂಲಕ ಮಲದಲ್ಲಿ ನಿಧಾನವಾಗಿ ಹೊರಹೋಗುವುದನ್ನು 2008ರಲ್ಲಿ ವರದಿ ಮಾಡಿತು. ಬಿಳಿ ರಕ್ತಕಣಗಳ ಮೈಲೊಪೆರಾಕ್ಸಿಡೇಸ್ ಎಂಬ ಕಿಣ್ವವು ಏಕಭಿತ್ತಿ ನಳಿಕೆಗಳನ್ನು ಕೆಡವಬಲ್ಲದೆಂದು 2010ರಲ್ಲಿ ಪ್ರಕಟವಾಯಿತು. ಇವೆರಡೂ ಆಶಾದಾಯಕ, ಆದರೆ ಎರಡನ್ನೂ ಮುಂದಿಟ್ಟುಕೊಂಡು ಎಲ್ಲ ನಳಿಕೆಗಳೂ ದೇಹದಿಂದ ಹೋಗಿಬಿಡುತ್ತವೆ ಎಂದು ಬರೆಯುವುದು ಅತಿಯಾಗುತ್ತದೆ. ಹೊದಿಕೆ, ಉದ್ದ ಮತ್ತು ಪ್ರಮಾಣ ಬದಲಾದಂತೆ ಉತ್ತರವೂ ಬದಲಾಗುತ್ತದೆ. ಔಷಧವನ್ನೂ ನಳಿಕೆಯನ್ನೂ ಬೇರೆ ಬೇರೆಯಾಗಿ ಹಿಂಬಾಲಿಸಿ, ತಿಂಗಳುಗಟ್ಟಲೆ ನಂತರವೂ ಯಕೃತ್ತಿನ ತೆಳು ಪದರಗಳನ್ನು ನೋಡುವ ಯೋಜನೆ ಇರಲಿ. ಚುಚ್ಚುವ ಮೊದಲು ಬ್ಯಾಕ್ಟೀರಿಯಾದ ಎಂಡೊಟಾಕ್ಸಿನ್ ಪರೀಕ್ಷೆ ಮಾಡಿಸಿ; ಅದರ ಉರಿಯೂತವನ್ನು ನಳಿಕೆಯ ತಲೆಗೆ ಕಟ್ಟುವ ಅವಾಂತರ ತಪ್ಪುತ್ತದೆ.

ಭಾರತದಲ್ಲಿ ಜೈವಿಕ ತಂತ್ರಜ್ಞಾನ ಇಲಾಖೆಯು 2019ರ ಅಕ್ಟೋಬರಿನಲ್ಲಿ ಹೊರತಂದ ನ್ಯಾನೊ ಔಷಧಗಳ ಮೌಲ್ಯಮಾಪನದ ಮಾರ್ಗಸೂಚಿಯು ವಾಹಕವು ದೇಹದಲ್ಲಿ ವಿಘಟನೆ ಹೊಂದುವಂಥದ್ದೋ ಅಲ್ಲವೋ ಎಂಬುದನ್ನು ವರ್ಗೀಕರಣದ ಒಂದು ಆಧಾರವಾಗಿ ಇಟ್ಟಿದೆ. ಮನುಷ್ಯರ ಮೇಲಿನ ಪರೀಕ್ಷೆಗಳಿಗೆ ಅದೇ ವರ್ಷದ ಹೊಸ ಔಷಧಗಳು ಮತ್ತು ಕ್ಲಿನಿಕಲ್ ಪ್ರಯೋಗಗಳ ನಿಯಮಗಳು ಅನ್ವಯಿಸುತ್ತವೆ. ವಿದ್ಯಾರ್ಥಿಯ ಹಂತದಲ್ಲಿ ಈ ಕಡತಗಳವರೆಗೆ ಕೆಲಸ ಹೋಗುವುದಿಲ್ಲವಾದರೂ, ಪ್ರತಿ ತಯಾರಿಕೆಗೂ ನಳಿಕೆಯ ಡಬ್ಬಿಯ ಸಂಖ್ಯೆ, ಲೋಹದ ಉಳಿಕೆ, ಉದ್ದದ ಹಂಚಿಕೆ, ಡಿ ಮತ್ತು ಜಿ ಶಿಖರಗಳ ಅನುಪಾತ, ತೊಳೆದ ಸುತ್ತುಗಳು, ಏರಿಕೆಯ ಅಂಕಿ, ನಳಿಕೆ ಇಲ್ಲದ ಟ್ಯೂಬಿನಲ್ಲಿ ಉಳಿದ ಔಷಧ, ಇಷ್ಟನ್ನು ಒಂದೇ ಪುಟದಲ್ಲಿ ಬರೆದಿಡುವ ಪದ್ಧತಿಯನ್ನು ಮೊದಲ ತಯಾರಿಕೆಯಿಂದಲೇ ಆರಂಭಿಸಿ. ಮೂರು ಬೇರೆ ಬೇರೆ ದಿನ ಮಾಡಿದ ತಯಾರಿಕೆಗಳ ಪುಟಗಳು ಪರಸ್ಪರ ಹೊಂದುವವರೆಗೆ ಜೀವಕೋಶಗಳ ಪ್ರಯೋಗಕ್ಕೆ ಕೈ ಹಾಕಬೇಡಿ.